ಬಾಗಿಲು ಮುಚ್ಚಿದರೆ ಕಿವುಡಾಗುತ್ತಿದ್ದ ಫೋನ್: ಮರುಭೂಮಿಯ ಪಿಕಪ್ಪಿನಲ್ಲೂ ಸೈಟ್ ಆಫೀಸಿನಲ್ಲೂ ಸ್ಯಾಟಲೈಟ್ ಡಾಕ್ ದುರಸ್ತಿ

ನಾಲ್ಕನೇ ನಂಬರಿನ ಲ್ಯಾಂಡ್ ಕ್ರೂಸರ್ ಪಿಕಪ್ಪಿನ ದೂರು ಪುಸ್ತಕದಲ್ಲಿ ಚಾಲಕ ಬರೆದಿದ್ದ ಒಂದೇ ಸಾಲಿನಿಂದ ಈ ಕೆಲಸ ಶುರುವಾಯಿತು. ಫೋನ್ ಕೈಯಲ್ಲಿದ್ದರೆ ಸರಿ, ಸ್ಟ್ಯಾಂಡಿನಲ್ಲಿಟ್ಟರೆ ಇಲ್ಲ ಎಂಬುದು ಆ ಸಾಲಿನ ಅರ್ಥ. ಅವನು ಸ್ಟ್ಯಾಂಡ್ ಎಂದದ್ದು ತುರಾಯಾ ಎಂಬ ಉಪಗ್ರಹ ಜಾಲದ ಹ್ಯಾಂಡ್‌ಸೆಟ್ಟನ್ನು ಕೂರಿಸುವ ಡಾಕಿಂಗ್ ಸ್ಟೇಷನ್ನಿಗೆ, ಚಿಕ್ಕದಾಗಿ ಡಾಕಿಗೆ. ನೋಡುವುದಕ್ಕೆ ಅದು ಚಾರ್ಜರಿನಂತೆಯೇ ಇರುವುದರಿಂದ ಹಾಗೆ ಕರೆದದ್ದರಲ್ಲಿ ತಪ್ಪೇನೂ ಇಲ್ಲ.

ನಮ್ಮ ಕ್ಯಾಂಪ್ ಇರುವುದು ಒಮಾನಿನ ಹೈಮಾ ಪಟ್ಟಣದ ಆಚೆ, ಜಿದ್ದತ್ ಅಲ್ ಹರಾಸೀಸ್ ಎಂಬ ಕಲ್ಲುಬಯಲಿನಲ್ಲಿ. ಹೆದ್ದಾರಿಯ ಉದ್ದಕ್ಕೂ ಮೊಬೈಲ್ ಸಿಗ್ನಲ್ ಸಿಗುತ್ತದೆಯಾದರೂ ಅಲ್ಲಿಂದ ಮಣ್ಣುದಾರಿಗೆ ಇಳಿದು ಅರ್ಧ ಗಂಟೆ ಹೋಗುವುದರೊಳಗೆ ಅದು ಮಾಯವಾಗುತ್ತದೆ. ಗಾಡಿ ಹೊರಡುವಾಗ, ತಲುಪಿದಾಗ ಮತ್ತು ನಡುವೆ ಗೊತ್ತುಪಡಿಸಿದ ಹೊತ್ತಿನಲ್ಲಿ ಕಂಟ್ರೋಲ್ ರೂಮಿಗೆ ಕರೆ ಮಾಡಲೇಬೇಕೆಂಬ ನಿಯಮ ನಮ್ಮಲ್ಲಿದೆ. ಕರೆ ಬಾರದಿದ್ದರೆ ಹುಡುಕಲು ಇನ್ನೊಂದು ಗಾಡಿ ಹೊರಡುತ್ತದೆ. ನಾಲ್ಕನೇ ಗಾಡಿಯಿಂದಾಗಿ ಒಂದೇ ತಿಂಗಳಲ್ಲಿ ಎರಡು ಸಲ ಹೀಗೆ ಹುಡುಕಾಟ ನಡೆದಿತ್ತು. ಎರಡೂ ಸಲ ಚಾಲಕ ಕ್ಷೇಮವಾಗಿಯೇ ಇದ್ದ. ಬಿಸಿಲಿಗೆ ಇಳಿದು ನಿಂತು ಕರೆ ಮಾಡುವುದು ಬೇಡವೆಂದು ಡಾಕನ್ನು ನಂಬಿ ಕುಳಿತಿದ್ದ, ಅಷ್ಟೆ.

ಕೈಯಲ್ಲಿ ಹಿಡಿಯುವ ಸ್ಯಾಟಲೈಟ್ ಫೋನಿಗೆ ಗಾಡಿಯ ಉಕ್ಕಿನ ಛಾವಣಿಯೆಂದರೆ ಆಕಾಶಕ್ಕೆ ಹಾಕಿದ ಮುಚ್ಚಳ. ತುರಾಯಾ ಉಪಗ್ರಹ ಭೂಸ್ಥಿರ ಕಕ್ಷೆಯಲ್ಲಿ, ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, 44 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ನಮ್ಮ ಕ್ಯಾಂಪಿನಿಂದ ನೋಡಿದರೆ ಅದು ನೈರುತ್ಯಕ್ಕಿಂತ ತುಸು ದಕ್ಷಿಣಕ್ಕೆ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲಿದೆ. ಇಷ್ಟು ಎತ್ತರದಲ್ಲಿರುವುದರಿಂದ ಮನೆಗಳಾಗಲಿ ಗುಡ್ಡಗಳಾಗಲಿ ಅಡ್ಡ ಬರುವುದು ಅಪರೂಪ. ನೆತ್ತಿಯ ಮೇಲಿನ ತಗಡು ಮಾತ್ರ ಖಂಡಿತ ಅಡ್ಡ ಬರುತ್ತದೆ. ಆದ್ದರಿಂದ ಡಾಕ್ ಎಂಬುದು ಹ್ಯಾಂಡ್‌ಸೆಟ್ ಬಯಲಿನಲ್ಲಿ ತಾನೇ ಮಾಡಿಕೊಳ್ಳುವ ಕೆಲಸಗಳನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳಬೇಕಾಗುತ್ತದೆ. ಉಪಗ್ರಹದ ಸಂಕೇತವನ್ನು ಛಾವಣಿಯ ಮೇಲಿನ ಆಂಟೆನಾದಿಂದ ತರಬೇಕು, ಜಿಪಿಎಸ್ ಸಂಕೇತವನ್ನು ಬೇರೊಂದು ಕೇಬಲ್ಲಿನಲ್ಲಿ ತರಬೇಕು, ಧ್ವನಿಯನ್ನು ಸ್ಪೀಕರಿಗೂ ಮೈಕಿಗೂ ಒಯ್ಯಬೇಕು, ಜೊತೆಗೆ ಬ್ಯಾಟರಿಯನ್ನೂ ತುಂಬಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಚಾಲಕನ ದೂರು ಮಾತ್ರ ಅದೇ ಒಂದು ಸಾಲು.

ಮೊದಲ ದಿನ ಗಾಡಿಯನ್ನು ಶೆಡ್ಡಿನ ಹೊರಗೆ, ಬಯಲಿನಲ್ಲಿ ನಿಲ್ಲಿಸಿಕೊಂಡೆ. ಶೆಡ್ಡಿನ ತಗಡಿನ ಮಾಡಿನ ಕೆಳಗೆ ಸ್ಯಾಟಲೈಟ್ ಫೋನ್ ಪರೀಕ್ಷಿಸಲು ಹೋಗಿ ಅರ್ಧ ದಿನ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹಿಂದೊಮ್ಮೆ ನಾನೂ ಒಬ್ಬನಾಗಿದ್ದೆ. ಹ್ಯಾಂಡ್‌ಸೆಟ್ಟನ್ನು ಡಾಕಿನಲ್ಲಿಟ್ಟು ಬಾಗಿಲು ಮುಚ್ಚಿದಾಗ ಪರದೆಯ ಮೇಲೆ ಸಿಗ್ನಲ್ ಗೆರೆಗಳು ಮೂರು ಕಾಣುತ್ತಿದ್ದವು, ಆದರೂ ಫೋನ್ ಜಾಲದಲ್ಲಿ ನೋಂದಣಿಯಾಗುತ್ತಿರಲಿಲ್ಲ. ಅದೇ ಫೋನನ್ನು ಹೊರಗೆ ಹಿಡಿದು ನಿಂತರೆ ಎರಡು ನಿಮಿಷದೊಳಗೆ ನೋಂದಣಿಯಾಗುತ್ತಿತ್ತು. ಕೂಡಲೇ ಒಳಗೆ ತಂದು ಡಾಕಿನಲ್ಲಿಟ್ಟರೆ ಸ್ವಲ್ಪ ಹೊತ್ತು ಕರೆಗಳೂ ಹೋಗುತ್ತಿದ್ದವು. ಚಾಲಕರು ಈ ಉಪಾಯವನ್ನು ತಾವಾಗಿಯೇ ಕಂಡುಕೊಂಡಿದ್ದರು. ನನ್ನ ಸಹಾಯಕ, ಭಟ್ಕಳ ಕಡೆಯ ಹುಡುಗ, ಇದನ್ನು ನೋಡಿ, "ಅಣ್ಣ, ಇದಕ್ಕೆ ಒಮ್ಮೆ ಬಿಸಿಲು ತೋರಿಸಿದರೆ ಸಾಕು, ಮತ್ತೆ ನಡೀತದೆ" ಎಂದು ನಕ್ಕ. ನಗೆಗಾಗಿ ಆಡಿದ ಆ ಮಾತಿನಲ್ಲೇ ದೋಷದ ಸುಳಿವಿತ್ತು.

ತುರಾಯಾ ಹ್ಯಾಂಡ್‌ಸೆಟ್ ಜಾಲಕ್ಕೆ ಸೇರುವ ಮುನ್ನ ತಾನು ಎಲ್ಲಿದ್ದೇನೆಂಬುದನ್ನು ಜಿಪಿಎಸ್ಸಿನಿಂದ ತಿಳಿದುಕೊಂಡು ಜಾಲಕ್ಕೂ ತಿಳಿಸಬೇಕಾಗುತ್ತದೆ. ಉಪಗ್ರಹದ ಸಂಕೇತ ಎಷ್ಟೇ ಬಲವಾಗಿದ್ದರೂ ಸ್ಥಳ ಸಿಗದಿದ್ದರೆ ನೋಂದಣಿ ಅಲ್ಲಿಗೇ ನಿಲ್ಲುತ್ತದೆ. ಬಯಲಿನಲ್ಲಿ ಸಿಕ್ಕ ಸ್ಥಳದ ನೆನಪು ಇರುವಷ್ಟು ಹೊತ್ತು ಡಾಕಿನಲ್ಲೂ ಫೋನ್ ನಡೆಯುತ್ತಿತ್ತು, ಆಮೇಲೆ ಇಲ್ಲ. ಅಂದರೆ ಎಲ್ಲರೂ ಸಿಗ್ನಲ್ ಗೆರೆಗಳನ್ನೇ ನೋಡುತ್ತ ದೊಡ್ಡ ಆಂಟೆನಾದ ಮೇಲೆ ಸಂಶಯಪಡುತ್ತಿದ್ದಾಗ, ಸೋತು ಕುಳಿತಿದ್ದದ್ದು ಅದರ ಪಕ್ಕದ ಬೆರಳುಗಾತ್ರದ ಕನೆಕ್ಟರಿನ ದಾರಿ.

ಜಿಪಿಎಸ್ ಆಂಟೆನಾದೊಳಗೆ ಒಂದು ಚಿಕ್ಕ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತನ್ನು ಡಾಕ್ ಅದೇ ಕೇಬಲ್ಲಿನ ಮೂಲಕ ಕಳುಹಿಸುತ್ತದೆ. ಡಾಕಿನ ಎಸ್‌ಎಂಎ ಕನೆಕ್ಟರಿನಿಂದ ಕೇಬಲ್ ಬಿಚ್ಚಿ ಮಲ್ಟಿಮೀಟರ್ ಇಟ್ಟಾಗ 3.2 ವೋಲ್ಟ್ ಬಂತು, ಹಾಗಾಗಿ ಡಾಕಿನ ಕಡೆ ಸರಿಯಾಗಿದೆ. ಬಿಚ್ಚಿದ ಕೇಬಲ್ಲಿನ ನಡುತಂತಿಗೂ ಹೊರಜಾಲರಿಗೂ ನಡುವೆ ಅಳೆದಾಗ ಬಂದದ್ದು 2 ಓಮ್. ಆಂಪ್ಲಿಫೈಯರ್ ಸರಿಯಾಗಿದ್ದರೆ ಇಲ್ಲಿ ನೂರಾರು ಓಮ್‌ಗಳಾದರೂ ಕಾಣಬೇಕು, ಆದ್ದರಿಂದ ದಾರಿಯಲ್ಲೆಲ್ಲೋ ಶಾರ್ಟ್ ಆಗಿದೆ ಎಂಬುದು ಖಚಿತವಾಯಿತು. ಕೇಬಲ್ಲನ್ನು ಬೆರಳಿನಿಂದ ಸವರುತ್ತ ಹೋದೆ. ಹಿಂದೆ ಅಳವಡಿಸಿದ್ದವರು, ಅವರು ಯಾರೇ ಆಗಿರಲಿ, ಛಾವಣಿಗೆ ರಂಧ್ರ ಕೊರೆಯುವ ತೊಂದರೆ ತಪ್ಪಿಸಲು ಎರಡೂ ಕೇಬಲ್ಲುಗಳನ್ನು ಎಡಬಾಗಿಲಿನ ಮೇಲಂಚಿನ ರಬ್ಬರಿನಡಿಯಿಂದ ಒಳಗೆ ತಂದಿದ್ದರು. ಬಾಗಿಲು ಹಾಕಿದಾಗಲೆಲ್ಲ ಉಕ್ಕಿನ ಅಂಚು ಆ ತೆಳು ಕೇಬಲ್ಲನ್ನು ಕಚ್ಚುತ್ತಿತ್ತು. ಕಚ್ಚಿದ ಜಾಗದಲ್ಲಿ ಅದು ಚಪ್ಪಟೆಯಾಗಿ ಹುಣಸೆಬೀಜದಂತೆ ಹೊಳೆಯುತ್ತಿತ್ತು. ಬ್ಲೇಡಿನಿಂದ ಸೀಳಿ ನೋಡಿದಾಗ ನಡುವಿನ ಬಿಳಿ ನಿರೋಧಕ ಹಿಸುಕಿಹೋಗಿ ಜಾಲರಿಯ ಎರಡು ಎಳೆಗಳು ನಡುತಂತಿಗೆ ಒತ್ತಿಕೊಂಡಿದ್ದವು. ಬಾಗಿಲು ತೆರೆದಿದ್ದಾಗ ಕೆಲವೊಮ್ಮೆ ಎಳೆಗಳು ಬಿಟ್ಟುಕೊಂಡು ಜಿಪಿಎಸ್ ಸಿಗುತ್ತಿತ್ತು, ಬಾಗಿಲು ಮುಚ್ಚಿದೊಡನೆ ಹೋಗುತ್ತಿತ್ತು. ಹಿಂದಿನ ಸಲ ನೋಡಿದ ಮೆಕ್ಯಾನಿಕ್ ಬಾಗಿಲು ತೆರೆದಿಟ್ಟುಕೊಂಡೇ ಪರೀಕ್ಷೆ ಮಾಡಿ ದೋಷವಿಲ್ಲ ಎಂದು ಬರೆದದ್ದಕ್ಕೂ ಇದೇ ಕಾರಣವಿರಬೇಕು.

ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಬಯಲಿನಲ್ಲಿ ಕೈಯಲ್ಲಿದ್ದಾಗ ಗೆರೆಗಳನ್ನು ಪೂರ್ತಿ ತೋರಿಸುತ್ತಿದ್ದ ಫೋನ್ ಡಾಕಿನಲ್ಲಿ ಮೂರನ್ನೇ ತೋರಿಸುತ್ತಿದ್ದದ್ದು ಮನಸ್ಸಿಗೆ ಒಪ್ಪಲಿಲ್ಲ. ಛಾವಣಿಯ ಮೇಲಿನ ಆಂಟೆನಾ ಕೈಯಲ್ಲಿರುವ ಫೋನಿಗಿಂತ ಕಡಿಮೆ ಪಡೆಯುತ್ತಿದೆಯೆಂದರೆ ನಡುವೆ ಯಾರೋ ತಿನ್ನುತ್ತಿದ್ದಾರೆ ಎಂದೇ ಅರ್ಥ.

ಉಪಗ್ರಹದ ಆಂಟೆನಾವನ್ನು ಮಲ್ಟಿಮೀಟರಿನಿಂದ ಪರೀಕ್ಷಿಸುವುದು ವ್ಯರ್ಥ. ಹಲವು ಆಂಟೆನಾಗಳ ರಚನೆಯೇ ನೇರ ವಿದ್ಯುತ್ತಿಗೆ ಶಾರ್ಟ್ ಆಗಿ ಕಾಣುವಂತಿರುತ್ತದೆ, ಕೆಲವು ತೆರೆದ ದಾರಿಯಂತೆ ಕಾಣುತ್ತವೆ. ಎರಡರಿಂದಲೂ ಏನೂ ತಿಳಿಯುವುದಿಲ್ಲ. ಇದಕ್ಕೆ ನನ್ನ ಬಳಿ ಇರುವುದು 3 ಗಿಗಾಹರ್ಟ್ಸ್‌ವರೆಗೆ ಅಳೆಯುವ ಪುಟ್ಟ ನ್ಯಾನೋ ವಿಎನ್‌ಎ, ಅಂದರೆ ಕೇಬಲ್ಲಿಗೆ ಸಂಕೇತ ಕಳುಹಿಸಿ ಎಷ್ಟು ಮರಳಿತೆಂದು ಅಳೆಯುವ ಉಪಕರಣ. ಇದೇ ಹೆಸರಿನ ಹಳೆಯ ಅಗ್ಗದ ಮಾದರಿಗಳು 900 ಮೆಗಾಹರ್ಟ್ಸ್ ದಾಟಿದ ಮೇಲೆ ಅಷ್ಟು ನೆಚ್ಚುವಂತಿರುವುದಿಲ್ಲ, ಕೊಳ್ಳುವವರು ಅದನ್ನು ಗಮನಿಸಬೇಕು. ತುರಾಯಾ ಫೋನ್ ಉಪಗ್ರಹದಿಂದ ಪಡೆಯುವುದು 1525ರಿಂದ 1559 ಮೆಗಾಹರ್ಟ್ಸ್‌ಗಳ ನಡುವೆ, ಕಳುಹಿಸುವುದು 1626.5ರಿಂದ 1660.5ರ ನಡುವೆ. ಉಪಕರಣವನ್ನು 1500ರಿಂದ 1700ರವರೆಗೆ ಹೊಂದಿಸಿ, ಟಿಎನ್‌ಸಿ ಅಡಾಪ್ಟರಿನ ತುದಿಯಲ್ಲೇ ಕ್ಯಾಲಿಬ್ರೇಷನ್ ಮಾಡಿ, ಡಾಕಿನ ಕಡೆಯಿಂದ ಕೇಬಲ್ಲನ್ನು ನೋಡಿದೆ. ಮರಳಿ ಬರುವ ಸಂಕೇತ ಕಳುಹಿಸಿದ್ದಕ್ಕಿಂತ 15 ಡೆಸಿಬೆಲ್ ಕೆಳಗಿತ್ತು, ಅಂದರೆ ಕೇಬಲ್ಲಿಗೂ ಆಂಟೆನಾಕ್ಕೂ ಇರುವ ಹೊಂದಿಕೆಯನ್ನು ಹೇಳುವ ಎಸ್‌ಡಬ್ಲ್ಯುಆರ್ ಸುಮಾರು 1.4 (1 ಆದರೆ ಪೂರ್ಣ ಹೊಂದಿಕೆ). ಕಾಗದದ ಮೇಲೆ ಇದು ಒಳ್ಳೆಯ ಅಂಕಿ. ಬಹಳ ಮಂದಿ ಇಲ್ಲಿಗೇ ಉಪಕರಣವನ್ನು ಚೀಲಕ್ಕೆ ಹಾಕುತ್ತಾರೆ.

ನಾನು ಛಾವಣಿ ಹತ್ತಿ ಆಂಟೆನಾವನ್ನು ಬಿಚ್ಚಿ, ಕೇಬಲ್ಲಿನ ಮೇಲಿನ ತುದಿಯನ್ನು ಸುಮ್ಮನೆ ತೆರೆದು ಬಿಟ್ಟು ಮತ್ತೊಮ್ಮೆ ಅಳೆದೆ. ತೆರೆದ ತುದಿಗೆ ಹೋದ ಸಂಕೇತ ಪೂರ್ತಿಯಾಗಿ ಹಿಂದಿರುಗಬೇಕು. ಹಿಂದಿರುಗಿದ್ದರಲ್ಲಿ ಏನು ಕಡಿಮೆಯಾಗಿದೆಯೋ ಅದು ಕೇಬಲ್ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನುಂಗಿದ ಪಾಲು. ಉಪಕರಣ 7.6 ಡೆಸಿಬೆಲ್ ತೋರಿಸಿತು. ಅಂದರೆ ಒಂದು ದಿಕ್ಕಿಗೆ 3.8. ಕೇಬಲ್ಲಿನ ಮೇಲಿನ ಮುದ್ರೆ ಒರೆಸಿ ನೋಡಿದರೆ ಅದು ಆರ್‌ಜಿ-58, ಉದ್ದ 5 ಮೀಟರ್, ಅದರಲ್ಲಿ ಒಂದೂವರೆ ಮೀಟರ್ ಸೀಟಿನ ಹಿಂದೆ ಸುರುಳಿಯಾಗಿ ಬಿದ್ದಿತ್ತು. ಈ ಆವರ್ತನಗಳಲ್ಲಿ ಆರ್‌ಜಿ-58 ಮೀಟರಿಗೆ ಮುಕ್ಕಾಲು ಡೆಸಿಬೆಲ್ಲಿನಷ್ಟು ತಿನ್ನುವುದರಿಂದ ಲೆಕ್ಕ ಸರಿಯಾಗಿ ಕೂಡಿಬಂತು. 3.8 ಡೆಸಿಬೆಲ್ ನಷ್ಟವೆಂದರೆ ಫೋನ್ ಕಳುಹಿಸಿದ ಶಕ್ತಿಯಲ್ಲಿ ನೂರಕ್ಕೆ 42 ಪಾಲು ಮಾತ್ರ ಛಾವಣಿ ತಲುಪುತ್ತದೆ.

ಮೊದಲು ಕಂಡ ಚಂದದ 15 ಡೆಸಿಬೆಲ್ಲಿನ ಗುಟ್ಟೂ ಇಲ್ಲೇ ಬಯಲಾಯಿತು. ಅದರಲ್ಲಿ 7.6 ಕೇಬಲ್ಲಿನದೇ ನಷ್ಟವಾದ್ದರಿಂದ ಆಂಟೆನಾದ ಬುಡದಲ್ಲಿ ಉಳಿಯುವುದು 7.4, ಅಂದರೆ ಎಸ್‌ಡಬ್ಲ್ಯುಆರ್ 2.5ರ ಹತ್ತಿರ. ಕೆಟ್ಟ ಕೇಬಲ್ ಕೆಟ್ಟ ಆಂಟೆನಾವನ್ನು ಒಳ್ಳೆಯದೆಂದು ತೋರಿಸುತ್ತಿತ್ತು. ಆಂಟೆನಾದ ಕನೆಕ್ಟರನ್ನು ಭೂತಗನ್ನಡಿಯಲ್ಲಿ ನೋಡಿದಾಗ ಒಳಗೆ ಹಸಿರು ಹಿಡಿದಿತ್ತು. ಮರುಭೂಮಿಯಲ್ಲಿ ಕಿಲುಬು ಎಲ್ಲಿಂದ ಬಂತು ಎಂದು ಹುಡುಗ ಕೇಳಿದ. ಜಿದ್ದತ್ ಅಲ್ ಹರಾಸೀಸ್ ಒಣನೆಲವೇ ಆದರೂ ಅರಬ್ಬೀ ಸಮುದ್ರದಿಂದ ಬರುವ ಮಂಜು ಎಷ್ಟೋ ರಾತ್ರಿಗಳಲ್ಲಿ ಇಲ್ಲಿ ಇಳಿಯುತ್ತದೆ. ಇಲ್ಲಿನ ಗಿಡಗಳೂ ಪ್ರಾಣಿಗಳೂ ಆ ತೇವವನ್ನು ನೆಚ್ಚಿಯೇ ಬದುಕುತ್ತವೆ. ಬೆಳಗಿನ ಜಾವ ಗಾಡಿಯ ಬಾನೆಟ್ಟಿನಿಂದ ನೀರು ತೊಟ್ಟಿಕ್ಕುವುದನ್ನು ಅವನೂ ಕಂಡಿದ್ದ. ಧೂಳಿನ ಉಪ್ಪಿನೊಂದಿಗೆ ಆ ನೀರು ಕನೆಕ್ಟರಿನೊಳಗೆ ಸೇರಿದರೆ ನಮ್ಮ ಮಲ್ಪೆ ಬಂದರಿನ ದೋಣಿಗಳಲ್ಲಿ ಆಗುವುದೇ ಇಲ್ಲೂ ಆಗುತ್ತದೆ.

ಎರಡನೇ ದಿನ ದಾರಿಯನ್ನೇ ಬದಲಿಸಿದೆ. ಆಂಟೆನಾ ಕ್ಯಾರಿಯರ್ ಕೊಳವೆಗಳ ನಡುವೆ ಕುಳಿತಿತ್ತು, ಅದರ ಮೇಲೆಯೇ ಮರಳಿಗೆ ಹಾಸುವ ಉಕ್ಕಿನ ಹಲಗೆಗಳನ್ನು ಕಟ್ಟುತ್ತಿದ್ದರು. ಗಾಡಿ ಯಾವ ದಿಕ್ಕಿಗೂ ತಿರುಗುವುದರಿಂದ ಆಂಟೆನಾಕ್ಕೆ ನೈರುತ್ಯವೊಂದೇ ಕಂಡರೆ ಸಾಲದು, ಸುತ್ತಲೂ ಕಾಣಬೇಕು. ಹಾಗಾಗಿ ಕ್ಯಾರಿಯರಿನ ಹಿಂಬದಿಯ ಅಡ್ಡಪಟ್ಟಿಯ ಮೇಲೆ, ಹಲಗೆಗಳನ್ನು ಕಟ್ಟಿದಾಗಲೂ ಅವುಗಳಿಗಿಂತ ಒಂದು ಗೇಣು ಎತ್ತರದಲ್ಲಿರುವಂತೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡಿನಿಂದ ಒಂದು ಪೀಠ ಮಾಡಿ ಕೂರಿಸಿದೆ. ಜಿಪಿಎಸ್ ಆಂಟೆನಾ ಅದೇ ಪೀಠದ ಇನ್ನೊಂದು ತುದಿಗೆ ಹೋಯಿತು. ಕೇಬಲ್ಲುಗಳು ಈಗ ಕ್ಯಾಬಿನ್ನಿನ ಹಿಂಗೋಡೆಯಲ್ಲಿ ಕೊರೆದ ರಂಧ್ರದಿಂದ ರಬ್ಬರ್ ಗ್ರೋಮೆಟ್ಟಿನ ಮೂಲಕ ಒಳಗೆ ಬರುತ್ತವೆ. ರಂಧ್ರಕ್ಕೆ ಬರುವ ಮೊದಲು ಪ್ರತಿ ಕೇಬಲ್ಲೂ ಒಂದು ಸಲ ಕೆಳಗೆ ಬಾಗಿ ಮೇಲೇಳುವಂತೆ ಬಿಟ್ಟಿದ್ದೇನೆ, ಇಳಿದ ನೀರು ಬಾಗಿದಲ್ಲೇ ತೊಟ್ಟಿಕ್ಕಲಿ ಎಂದು.

ಹೊಸ ಕೇಬಲ್ ಎಲ್‌ಎಂಆರ್-240, ಉದ್ದ ಮೂರೂವರೆ ಮೀಟರ್, ಒಂದಂಗುಲವೂ ಹೆಚ್ಚಿಲ್ಲ. ಅದು 6 ಮಿಲಿಮೀಟರ್ ದಪ್ಪವಾಗಿದ್ದು ಮೊಂಡಾಗಿರುವುದರಿಂದ ತಿರುವುಗಳಲ್ಲಿ ಅವಸರ ಮಾಡಬಾರದು. ಎಲ್ಲಿಯೂ ಬಿಗಿಯಾಗಿ ಬಗ್ಗಿಸಲಿಲ್ಲ. ಕನೆಕ್ಟರುಗಳನ್ನು ಸರಿಯಾದ ಅಚ್ಚಿನ ಇಕ್ಕಳದಲ್ಲೇ ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಮೇಲಿನ ತುದಿಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಪಟ್ಟಿಯನ್ನು ಎಳೆದು ಸುತ್ತಿದೆ. ತುದಿ ತೆರೆದು ಅಳೆದಾಗ ಹೋಗಿಬರುವ ನಷ್ಟ 2.8, ಅಂದರೆ ಒಂದು ದಿಕ್ಕಿಗೆ 1.4 ಡೆಸಿಬೆಲ್, ನೂರಕ್ಕೆ 72 ಪಾಲು ಮೇಲೆ ತಲುಪುತ್ತದೆ. ಆಂಟೆನಾದ ಕನೆಕ್ಟರನ್ನು ಸ್ವಚ್ಛಗೊಳಿಸುವುದರಲ್ಲಿ ಅರ್ಥವಿರಲಿಲ್ಲ, ಅದರ ಗಿಡ್ಡ ಬಾಲವನ್ನೇ ಕತ್ತರಿಸಿ ಹೊಸದನ್ನು ಹಾಕಿದೆ. ಡಾಕಿನಲ್ಲಿ ಬಾಗಿಲು ಮುಚ್ಚಿ ನೋಡಿದಾಗ ಗೆರೆಗಳು ಪೂರ್ತಿಯಾದವು, ಒಂದೂವರೆ ನಿಮಿಷದಲ್ಲಿ ನೋಂದಣಿಯೂ ಆಯಿತು.

ನಂತರ ಎಂಜಿನ್ ಚಾಲೂ ಮಾಡಿ ಮೊದಲ ಕರೆ ಮಾಡಿದೆ. ಕಂಟ್ರೋಲ್ ರೂಮಿನವರು ನನ್ನ ಮಾತಿನ ಹಿಂದೆ ಸೊಳ್ಳೆಯ ಹಾಡು ಕೇಳುತ್ತಿದೆ ಎಂದರು. ಆಕ್ಸಿಲರೇಟರ್ ಒತ್ತಿದಂತೆ ಆ ಹಾಡಿನ ಶ್ರುತಿ ಏರುತ್ತಿದ್ದುದರಿಂದ ಅದು ಆಲ್ಟರ್ನೇಟರಿನದೆಂಬುದರಲ್ಲಿ ಸಂಶಯವಿರಲಿಲ್ಲ. ಡಾಕಿನ ವಿದ್ಯುತ್ ಕಡೆಗೆ ತಿರುಗಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್ ಇರುವಾಗ, ಎಂಜಿನ್ ನಿಲ್ಲಿಸಿ ಚಾರ್ಜ್ ಆಗುತ್ತಿರುವ ಹೊತ್ತಿನಲ್ಲಿ ಡಾಕಿನ ಬಳಿ 11.1 ಮಾತ್ರ ಉಳಿದಿತ್ತು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಡಾಕಿನ ಕಪ್ಪು ತಂತಿಗೂ ಇಟ್ಟಾಗ ಕಳೆದುಹೋದ ಒಂದೂವರೆ ವೋಲ್ಟಿನಲ್ಲಿ 1.1 ವೋಲ್ಟ್ ಅರ್ಥಿಂಗ್ ದಾರಿಯಲ್ಲೇ ಸಿಕ್ಕಿತು. ಡ್ಯಾಶ್‌ಬೋರ್ಡಿನ ಕೆಳಗೆ ಬಣ್ಣ ಬಳಿದ ತಗಡಿಗೆ ಬಣ್ಣ ಕೆರೆಯದೆಯೇ ಒಂದು ತಿರುಪು ಹಾಕಿ ತಂತಿಯನ್ನು ಸಿಕ್ಕಿಸಿದ್ದರು. ಆ ದಾರಿ ಕಷ್ಟವಾದ್ದರಿಂದ ಡಾಕಿನ ವಿದ್ಯುತ್ತು ಸುಲಭವಾದ ಇನ್ನೊಂದು ದಾರಿಯನ್ನು ಹುಡುಕಿಕೊಂಡಿತ್ತು: ಆಂಟೆನಾ ಕೇಬಲ್ಲಿನ ಹೊರಜಾಲರಿಯ ಮೂಲಕ ಛಾವಣಿಗೆ. ಆಲ್ಟರ್ನೇಟರಿನ ಗಲಾಟೆ ಧ್ವನಿಯೊಳಗೆ ನುಸುಳಿದ್ದೂ ಅದೇ ಹಾದಿಯಲ್ಲಿ.

ಹಳೆಯ ತಂತಿಗಳನ್ನು ಪೂರ್ತಿ ತೆಗೆದೆ. ಧನ ತಂತಿ ಸಿಗರೇಟ್ ಲೈಟರಿನ ತಂತಿಗೆ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಕಚ್ಚಿಸಿದ್ದು, ಕೈ ಮುಟ್ಟಿದಾಗಲೇ ಕಳಚಿಬಂತು. ಈಗ 1.5 ಚದರ ಮಿಲಿಮೀಟರಿನ ಜೋಡಿ ತಂತಿ ನೇರವಾಗಿ ಬ್ಯಾಟರಿಯಿಂದ ಬರುತ್ತದೆ, ಬ್ಯಾಟರಿಯಿಂದ ಒಂದು ಗೇಣಿನೊಳಗೇ 5 ಆಂಪಿಯರ್ ಫ್ಯೂಸ್ ಇದೆ. ಕಪ್ಪು ತಂತಿಯನ್ನು ಬ್ಯಾಟರಿಯ ಕೇಬಲ್ ಚಾಸಿಗೆ ಕೂಡುವ ಬೋಲ್ಟಿನಲ್ಲೇ ಲಗ್ ಹಾಕಿ ಬಿಗಿದಿದ್ದೇನೆ. ಇಗ್ನಿಷನ್ ತಿಳಿಸುವ ಮೂರನೇ ತಂತಿಯನ್ನು ಫ್ಯೂಸ್ ಪೆಟ್ಟಿಗೆಯಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಎಸಿಸಿ ಸಾಲಿಗೆ ಕೊಟ್ಟೆ. ಈ ಮೂರನೇ ತಂತಿಯನ್ನು ಅನೇಕರು ಕೆಂಪು ತಂತಿಗೇ ಸೇರಿಸಿಬಿಡುತ್ತಾರೆ. ಆಗ ಗಾಡಿ ನಿಂತಿರುವಾಗಲೂ ಡಾಕ್ ಎಚ್ಚರವಾಗಿಯೇ ಉಳಿದು, ರಜೆಗೆ ಹೋದವನು ಮರಳಿ ಬರುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ. ಕೆಲಸ ಮುಗಿದ ಮೇಲೆ ಡಾಕಿನ ಬಳಿ 12.4 ವೋಲ್ಟ್ ಬಂತು, ಸೊಳ್ಳೆಯೂ ಸುಮ್ಮನಾಯಿತು.

ಮೈಕಿನ ವಿಷಯ ಬೇರೆ. ಭೂಸ್ಥಿರ ಉಪಗ್ರಹಕ್ಕೆ ಹೋಗಿ ನೆಲಕ್ಕೆ ಬರಲು ಮಾತಿಗೆ ಕಾಲು ಸೆಕೆಂಡ್ ಬೇಕು, ಆಚೆಯವರ ಉತ್ತರ ನಮ್ಮನ್ನು ಮುಟ್ಟಲು ಇನ್ನೊಂದು ಕಾಲು ಸೆಕೆಂಡ್. ನಮ್ಮ ಸ್ಪೀಕರಿನ ಸದ್ದು ನಮ್ಮ ಮೈಕಿಗೆ ಬಿದ್ದರೆ ಆಚೆಯವರಿಗೆ ಅವರದೇ ಮಾತು ಅರ್ಧ ಸೆಕೆಂಡ್ ಕಳೆದು ಕೇಳುತ್ತದೆ. ಹಾಗೆ ಕೇಳಿದಾಗ ಯಾರೇ ಆಗಲಿ ತಡವರಿಸುತ್ತಾರೆ. ಮೈಕ್ ಇದ್ದದ್ದು ಡಾಕಿನ ಪಕ್ಕದಲ್ಲಿ, ಸ್ಪೀಕರಿಗೆ ಎದುರಾಗಿ, ಎಸಿಯ ಗಾಳಿಕಿಂಡಿಯ ಮುಂದೆ. ಅದನ್ನು ಚಾಲಕನ ತಲೆಯ ಮೇಲಿನ ಬಿಸಿಲುಮರೆಯ ಅಂಚಿಗೂ, ಸ್ಪೀಕರನ್ನು ಕಾಲಿನ ಬಳಿಗೂ ಸ್ಥಳಾಂತರಿಸಿ ಧ್ವನಿಯನ್ನು ಎರಡು ಮೆಟ್ಟಿಲು ಇಳಿಸಿದ ಮೇಲೆ ತೊಂದರೆ ಕಾಣಲಿಲ್ಲ.

ಡಾಕನ್ನೂ ಡ್ಯಾಶ್‌ಬೋರ್ಡಿನ ಮೇಲಿಂದ ಕೆಳಗಿಳಿಸಿದೆ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದ ಮೇಲೆ ತುಂಬಿಸುವುದಿಲ್ಲ. ಫೋನ್ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ. ಜೂನ್ ತಿಂಗಳಲ್ಲಿ ಗಾಜಿನಡಿ ಬಿಸಿಲಿಗೆ ಕುಳಿತ ಡಾಕ್ ಇಡೀ ಹಗಲು ಆ ಮಿತಿಯ ಆಚೆಗೇ ಇರುತ್ತದೆ. ಒಮಾನಿನ ಕರಾವಳಿಯ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ದಿನದ ಕನಿಷ್ಠ ತಾಪಮಾನವೇ 42.6 ಡಿಗ್ರಿ ಇತ್ತು. ಅಂಥ ಕಡೆ ರಾತ್ರಿಯಲ್ಲೂ ಫೋನ್ ಚಾರ್ಜ್ ಆಗಲು ಉಳಿಯುವ ಅಂತರ ಎರಡೂವರೆ ಡಿಗ್ರಿಯೂ ಇಲ್ಲ. ಈಗ ಡಾಕ್ ಗೇರಿನ ಮುಂದೆ, ಎಸಿ ಗಾಳಿ ಓರೆಯಾಗಿ ತಾಗುವಲ್ಲಿ ಇದೆ. ಅದರ ಸ್ಪ್ರಿಂಗ್ ಮೊಳೆಗಳಲ್ಲಿ ತುಂಬಿದ್ದ ಧೂಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೆಗೆದೆ. ಎಣ್ಣೆ ಅಥವಾ ಗ್ರೀಸ್ ಹಚ್ಚುವವರಿದ್ದಾರೆ. ಇಲ್ಲಿನ ಧೂಳಿಗೆ ಅದು ಅಂಟು ಹಚ್ಚಿದಂತೆ.

ಆಫೀಸಿನ ಡಾಕ್

ಗಾಡಿ ಸರಿಯಾದ ಸುದ್ದಿ ಹರಡಿದ ಮೇಲೆ ಸೈಟ್ ಆಫೀಸಿನ ಪೋರ್ಟಾ ಕ್ಯಾಬಿನ್ನಿನ ಡಾಕನ್ನೂ ನೋಡಲು ಹೇಳಿದರು. 2018ರ ಮೇ ತಿಂಗಳಲ್ಲಿ ಮೆಕುನು ಚಂಡಮಾರುತ ಧೋಫಾರ್ ಪ್ರಾಂತ್ಯಕ್ಕೆ ಬಡಿದ ಅನುಭವವಿರುವ ಹಿರಿಯರು ಆಫೀಸಿಗೊಂದು ಸ್ಯಾಟಲೈಟ್ ಸಾಲು ಇರಲೇಬೇಕೆನ್ನುತ್ತಾರೆ. ಅಲ್ಲಿನ ದೂರು ಇನ್ನೊಂದು ತರಹದ್ದು. ಸಾಲು ಚೆನ್ನಾಗಿಯೇ ನಡೆಯುತ್ತಿತ್ತು, ಆದರೆ ಪ್ರೀಪೇಯ್ಡ್ ಹಣ ರಾತ್ರೋರಾತ್ರಿ ಖಾಲಿಯಾಗುತ್ತಿತ್ತು. ಯಾರೋ ಕದ್ದು ಊರಿಗೆ ಮಾತನಾಡುತ್ತಿದ್ದಾರೆಂದು ರಾತ್ರಿಯ ಕಾವಲುಗಾರನ ಮೇಲೆ ಸಂಶಯವೂ ಬಂದಿತ್ತು.

ಆಫೀಸಿನ ಡಾಕ್ ಗೋಡೆಗೆ ಕೂತಿದ್ದು, ಅದರಿಂದ ಸಾಮಾನ್ಯ ಟೆಲಿಫೋನಿನ ಆರ್‌ಜೆ-11 ಸಾಲು ಹೊರಡುತ್ತದೆ. ರಿಸೀವರ್ ಇಟ್ಟಿರುವಾಗ ಆ ಸಾಲಿನಲ್ಲಿ 48 ವೋಲ್ಟ್, ಎತ್ತಿದಾಗ ಹತ್ತಕ್ಕಿಂತ ಕೆಳಗೆ. ಟೆಲಿಫೋನ್ ಎಕ್ಸ್‌ಚೇಂಜ್ ನಡೆದುಕೊಳ್ಳುವಂತೆಯೇ ಡಾಕ್ ನಡೆದುಕೊಳ್ಳುತ್ತದೆ. ನೇರವಾಗಿ ಒಂದು ಮೇಜುಫೋನ್ ಸಿಕ್ಕಿಸಿದ್ದರೆ ಯಾವ ತಂಟೆಯೂ ಇರುತ್ತಿರಲಿಲ್ಲ. ಆದರೆ ಅಲ್ಲಿ ಸಾಲನ್ನು ಆಫೀಸಿನ ಹಳೆಯ ಪಿಬಿಎಕ್ಸ್, ಅಂದರೆ ಹೊರಸಾಲನ್ನು ಒಳಗಿನ ಹಲವು ಫೋನುಗಳಿಗೆ ಹಂಚುವ ಪೆಟ್ಟಿಗೆಯ, ಹೊರಸಾಲಿನ ಪೋರ್ಟಿಗೆ ಕೊಟ್ಟಿದ್ದರು. ಮೇಜುಫೋನಿನಲ್ಲಿ ಮನುಷ್ಯನಿದ್ದಾನೆ, ಆಚೆಯವರು ಇಟ್ಟರೆ ತಾನೂ ಇಡುತ್ತಾನೆ. ಪಿಬಿಎಕ್ಸ್‌ಗೆ ಯಾರಾದರೂ ಹೇಳಬೇಕು. ಬಂದ ಕರೆಯೊಂದನ್ನು ಅದು ಸ್ಟೋರಿಗೆ ವರ್ಗಾಯಿಸಿ, ಸ್ಟೋರಿನಲ್ಲಿ ಯಾರೂ ಎತ್ತದೆ ಅಲ್ಲಿಂದ ಧ್ವನಿಪೆಟ್ಟಿಗೆಗೆ ಹೋಗಿ, ಆಚೆಯವರು ಬೇಸತ್ತು ಇಟ್ಟ ಮೇಲೂ ಸಾಲನ್ನು ಹಿಡಿದೇ ಕೂರುತ್ತಿತ್ತು. ಹೀಗೆ ಹಿಡಿದಿರುವಾಗ ಸಾಲಿನಲ್ಲಿ ಮತ್ತೆ ಡಯಲ್ ಟೋನ್ ಬರುತ್ತದೆ. ಧ್ವನಿಪೆಟ್ಟಿಗೆಯಿಂದ ಹೊರಬೀಳಲು ಪಿಬಿಎಕ್ಸ್ ತನ್ನ ಪಟ್ಟಿಯ ಮೊದಲ ಹೊರನಂಬರನ್ನು ತಾನೇ ಒತ್ತುವಂತೆ ಹಿಂದೆ ಯಾರೋ ಹೊಂದಿಸಿಟ್ಟಿದ್ದರು. ಆ ನಂಬರ್ ಮಸ್ಕತ್ತಿನ ಒಂದು ಫ್ಯಾಕ್ಸ್ ಯಂತ್ರದ್ದು. ಎರಡು ಯಂತ್ರಗಳು ಉಪಗ್ರಹದ ಮೂಲಕ ರಾತ್ರಿಯೆಲ್ಲ ಒಂದಕ್ಕೊಂದು ಕಿರುಚಿಕೊಂಡು ಹಣ ಮುಗಿಸಿದ್ದವು.

ಇದನ್ನು ಕಂಡುಹಿಡಿದದ್ದು ಉಪಕರಣದಿಂದಲ್ಲ, ಸಾಲಿಗೆ ಸಮಾಂತರವಾಗಿ ಒಂದು ಮೇಜುಫೋನ್ ಸಿಕ್ಕಿಸಿ ಹುಡುಗನನ್ನು ಒಂದು ರಾತ್ರಿ ಅಲ್ಲೇ ಮಲಗಿಸಿದ್ದರಿಂದ. ಎರಡು ಗಂಟೆಗೆ ಅವನು ಓಡಿಬಂದು, "ಅಣ್ಣ, ಫ್ಯಾಕ್ಸಿನ ಸದ್ದು ಕೇಳ್ತಾ ಉಂಟು, ಬನ್ನಿ" ಎಂದು ಎಬ್ಬಿಸಿದ. ಕಾವಲುಗಾರನಿಗೆ ಬೆಳಗ್ಗೆ ಚಹಾ ಕೊಡಿಸಿದೆವು.

ಪರಿಹಾರ ಎರಡು ಕಡೆ ಬೇಕಾಯಿತು. ಡಾಕಿನ ಸೆಟ್ಟಿಂಗಿನಲ್ಲಿ ಕರೆ ಮುಗಿದಾಗ ಸಾಲಿನ ವಿದ್ಯುತ್ತನ್ನು ಕ್ಷಣಕಾಲ ಕಡಿಯುವ ಆಯ್ಕೆ ಇತ್ತು, ಅದನ್ನು ಚಾಲೂ ಮಾಡಿದೆ. ಪಿಬಿಎಕ್ಸ್‌ನ ಹೊರಸಾಲಿನ ಪುಟದಲ್ಲಿ ಆ ಕಡಿತವನ್ನು ಕರೆ ಮುಗಿದ ಗುರುತೆಂದು ಒಪ್ಪಿಕೊಳ್ಳುವಂತೆ ಬದಲಿಸಿ, ಯಾವುದೇ ಕರೆಯನ್ನು 20 ನಿಮಿಷಕ್ಕೆ ತಾನೇ ಮುಗಿಸುವ ಮಿತಿಯನ್ನೂ ಹಾಕಿದೆ. ಮೀಟರಿನಲ್ಲಿ ನೋಡಿದಾಗ ಆಚೆಯವರು ಇಟ್ಟ ಎರಡು ಸೆಕೆಂಡಿನೊಳಗೆ ಸಾಲು 48 ವೋಲ್ಟಿಗೆ ಮರಳುತ್ತಿತ್ತು. ನನ್ನನ್ನು ಕೇಳಿದರೆ ಸ್ಯಾಟಲೈಟ್ ಸಾಲನ್ನು ಪಿಬಿಎಕ್ಸ್‌ಗೆ ಕೊಡಲೇಬಾರದು, ಕೆಂಪು ಬಣ್ಣದ ಒಂದು ಮೇಜುಫೋನ್ ಸಾಕು. ಆದರೆ ಮ್ಯಾನೇಜರಿಗೆ ತಮ್ಮ ಮೇಜಿನಿಂದಲೇ ಮಾತನಾಡಬೇಕಿತ್ತು.

ಆಂಟೆನಾ ಕ್ಯಾಬಿನ್ನಿನ ನೈರುತ್ಯ ಮೂಲೆಯ ಕಂಬದ ಮೇಲಿದೆ, ಕೇಬಲ್ 12 ಮೀಟರ್. ಇಷ್ಟು ದೂರಕ್ಕೆ ಎಲ್‌ಎಂಆರ್-240 ಹಾಕಿದರೆ 4 ಡೆಸಿಬೆಲ್ ಹೋಗುತ್ತದೆ, ಆದ್ದರಿಂದ ಮೀಟರಿಗೆ 0.17ರಷ್ಟೇ ತಿನ್ನುವ ದಪ್ಪನೆಯ ಎಲ್‌ಎಂಆರ್-400 ಎಳೆದೆವು. ಗೋಡೆ ದಾಟುವಲ್ಲಿ ಎರಡೂ ಕೇಬಲ್ಲುಗಳಿಗೆ ಸಿಡಿಲುರೋಧಕ ಹಾಕಿ ಒಂದೇ ತಾಮ್ರದ ಪಟ್ಟಿಗೆ ಅರ್ಥಿಂಗ್ ಕೊಟ್ಟಿದ್ದೇನೆ. ಜಿಪಿಎಸ್ ಕೇಬಲ್ಲಿಗೆ ನೇರ ವಿದ್ಯುತ್ತನ್ನು ಹಾಯಲು ಬಿಡುವ ರೋಧಕವನ್ನೇ ಕೊಳ್ಳಬೇಕು. ಮೊದಲು ತರಿಸಿದ್ದು ಬಿಡದ ತರಹದ್ದಾಗಿ, ಜಿಪಿಎಸ್ ಇಲ್ಲದೆ ಅರ್ಧ ದಿನ ಮತ್ತೆ ಅದೇ ಹಳೆಯ ಕಥೆ ನಡೆಯಿತು.

ಕೆಲಸದ ನಡುವೆ ಹುಡುಗ, ಮಳೆಗಾಲದಲ್ಲಿ ಊರಲ್ಲಿ ಟವರುಗಳು ಮಲಗಿದಾಗ ಇಂಥದ್ದೊಂದು ಮನೆಯಲ್ಲಿದ್ದರೆ ಒಳ್ಳೆಯದಲ್ಲವೇ, ರಜೆಗೆ ಹೋಗುವಾಗ ಹಳೆಯ ಹ್ಯಾಂಡ್‌ಸೆಟ್ ಒಯ್ಯಬಹುದೇ ಎಂದು ಕೇಳಿದ. ಖಂಡಿತ ಒಯ್ಯಬಾರದು ಎಂದು ಗದರಿಸಿಯೇ ಹೇಳಿದೆ. ಭಾರತದಲ್ಲಿ ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಅಪರಾಧ. ತುರಾಯಾ ಮತ್ತು ಇರಿಡಿಯಂ ಫೋನುಗಳೊಂದಿಗೆ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದವರಿದ್ದಾರೆ. ಅಲ್ಲಿ ಬಿಎಸ್‌ಎನ್‌ಎಲ್ 2017ರಲ್ಲಿ ಇನ್‌ಮಾರ್‌ಸ್ಯಾಟ್ ಉಪಗ್ರಹಗಳ ಮೇಲೆ ಆರಂಭಿಸಿದ ಸೇವೆಯಿದೆ, ಬೇಕಾದವರು ಅದಕ್ಕೆ ಅರ್ಜಿ ಹಾಕಬೇಕು. ಮಂಗಳೂರಿಗೆ ಹೋಗುವವರು ಕ್ಯಾಂಪಿನ ಹ್ಯಾಂಡ್‌ಸೆಟ್ ಚೀಲದಲ್ಲಿ ಉಳಿದಿಲ್ಲವೆಂಬುದನ್ನು ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಲಿ ಎಂದು ಸ್ಟೋರಿನ ಗೋಡೆಗೂ ಒಂದು ಚೀಟಿ ಅಂಟಿಸಿದ್ದೇವೆ.

ಮೂರು ವಾರ ಕಳೆದ ಮೇಲೆ, ಮಂಜು ದಟ್ಟವಾಗಿ ಇಳಿದ ಒಂದು ಬೆಳಗ್ಗೆ ನಾಲ್ಕನೇ ಗಾಡಿಯನ್ನು ಮತ್ತೆ ಅಳೆದೆ. ಕೇಬಲ್ಲಿನ ನಷ್ಟ ಅಷ್ಟೇ ಇದೆ, ಆಂಟೆನಾದ ಅಂಕಿ ಬದಲಾಗಿಲ್ಲ, ಅರ್ಥಿಂಗ್ ದಾರಿಯಲ್ಲಿ 0.1 ವೋಲ್ಟ್. ಉಳಿದಿರುವ ಒಂದೇ ದೋಷವೆಂದರೆ ಖಾಸಗಿಯಾಗಿ ಮಾತನಾಡಲು ಇರುವ ಸುರುಳಿತಂತಿಯ ರಿಸೀವರಿನದು. ಕೊಕ್ಕೆಯಲ್ಲಿರುವ ಅಯಸ್ಕಾಂತದ ಸ್ವಿಚ್ ಒರಟು ದಾರಿಯ ಕುಲುಕಾಟದಲ್ಲಿ ರಿಸೀವರ್ ಎತ್ತಿದೆಯೆಂದು ತಪ್ಪು ತಿಳಿದು ಸ್ಪೀಕರನ್ನು ಬಂದ್ ಮಾಡುತ್ತದೆ. ಸದ್ಯಕ್ಕೆ ರಿಸೀವರನ್ನು ರಬ್ಬರ್ ಪಟ್ಟಿಯಿಂದ ಬಿಗಿದಿದ್ದೇನೆ. ಹೊಸ ಕೊಕ್ಕೆ ಮಸ್ಕತ್ತಿನಿಂದ ಮುಂದಿನ ಸರಕು ಗಾಡಿಯಲ್ಲಿ ಬರಬೇಕು.